ಬಂದ ಅಮ್ಮ ಹೋಗಲಿಲ್ಲ

ಹಲಸೂರಿನ ಸೋಮೇಶ್ವರನ ಗುಡಿಗೆ ಸಮೀಪದ ಬೀದಿಯೊಂದರಲ್ಲಿ ವಾಸವಾಗಿರುವ ನಿವೃತ್ತ ಗಣಿತದ ಮೇಷ್ಟರಿಗೆ ೨೦೨೪ನೆಯ ಇಸವಿಯ ಶಿವರಾತ್ರಿಗೆ ಇನ್ನು ನಾಲ್ಕು ದಿನಗಳಿರುವಾಗ ಎಡಬೆನ್ನಿನಲ್ಲಿ ನೋವು ಕಾಣಿಸಿಕೊಂಡಿತು. ಎಪ್ಪತ್ತು ದಾಟಿದ ಮನುಷ್ಯನು ನೋವಿಗೆ ಕಾರಣವನ್ನು ಹುಡುಕಬೇಕಾದ ಶ್ರಮವಿಲ್ಲ; ಕೈಗೆಟಕುವ ಕಾರಣಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು. ಮೇಷ್ಟರು ಹಿಂದಿನ ದಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹೊತ್ತು ತಂದ ತರಕಾರಿಯ ಚೀಲವನ್ನು ಆರಿಸಿಕೊಂಡರು.

ಅಮೃತಾಂಜನ ಹಚ್ಚಿದ್ದಾಯಿತು. ಬಿಸಿನೀರಿನ ಚೀಲವನ್ನಿಟ್ಟದ್ದಾಯಿತು. ನೋವು ಮಾತ್ರ ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ಎದೆಯ ಕಡೆಗೆ ಬೆಂಕಿಯ ಗೆರೆಯೆಳೆದಂತೆ ಚಳುಕುತ್ತಲೇ ಇದ್ದಿತು. ಎಡಗಡೆ ಎಂಬುದೊಂದೇ ಸಾಕಲ್ಲ, ಮನೆಯವರ ನಿದ್ದೆ ಕೆಡಿಸಲು! ಎರಡನೆಯ ರಾತ್ರಿ ಆಟೋ ಹಿಡಿದು ಹೋಗಿ ಹೃದಯದ ಪರೀಕ್ಷೆ ಮಾಡಿಸಿಕೊಂಡು ಬಂದರು. ಹೃದಯ ಗಟ್ಟಿಯಾಗಿತ್ತು. ನಾಲ್ಕು ನೋವಿನ ಗುಳಿಗೆಗಳೊಡನೆ ಮೇಷ್ಟರು ಹಿಂದಿರುಗಿದರು.

ಶಿವರಾತ್ರಿಯ ಬೆಳಿಗ್ಗೆ ಬೆನ್ನುಜ್ಜಲು ಬಂದ ಪತ್ನಿ ಕೈಯೆತ್ತಿ ಹಿಂದೆ ಸರಿದರು.

“ರೀ, ಇದೇನ್ರೀ ಇದು? ಸುಟ್ಟ ಹಾಗಾಗಿದೆಯಲ್ಲ!”

“ಬಿಸಿನೀರಿನ ಚೀಲದ್ದಿರಬೇಕು ಕಣೆ.”

“ಚೀಲ ಹೀಗೆ ಪಟ್ಟಿ ಕಟ್ಟಿದ ಹಾಗೆ ಸುಡುತ್ತದೆಯೆ? ನೀರುಗುಳ್ಳೆ ಎದ್ದಿದೆ, ಗೊಂಚಲು ಗೊಂಚಲು. ಇದು ಸರ್ಪಸುತ್ತು ಅಂತ ಕಾಣುತ್ತೆ.”

ಮೇಷ್ಟರು ಆ ಮಾತನ್ನು ಅಲ್ಲಿಯೇ ತಡೆದರು. ತಡೆಯಲು ಕಾರಣವಿದ್ದಿತು. ಅಂದು ಸಂಜೆ ಸೋಮೇಶ್ವರನ ದರ್ಶನಕ್ಕೆಂದು ಮಗಳು ಬರುವವಳಿದ್ದಳು. ಆಕೆಗೆ ಆರು ತುಂಬಿ ಏಳನೆಯ ತಿಂಗಳು. ಬಸುರಿಯ ಎದುರು ಸರ್ಪದ ಮಾತೆತ್ತುವುದು ಆ ಮನೆಯ ಪದ್ಧತಿಯಲ್ಲ. ಮಗಳು ಕೃಷ್ಣರಾಜಪುರದಿಂದ ಮೆಟ್ರೊ ಹತ್ತಿ ಐದನೆಯ ನಿಲ್ದಾಣದಲ್ಲಿಳಿದು ಬಂದಳು. ಅಪ್ಪ ಬಾಗಿ ಕುಳಿತಿದ್ದುದನ್ನು ಕಂಡು ಕಾರಣ ಕೇಳಿದಳು. ಬಿಸಿನೀರಿನ ಚೀಲದ ಕಥೆಯನ್ನು ನಂಬಿದಳು. ನಂಬಿದ್ದಲ್ಲದೆ, ಬೇಡಬೇಡವೆಂದರೂ ಕೇಳದೆ, ಅಂಗಿಯೆತ್ತಿಸಿ ಸುಟ್ಟಗಾಯದ ಮುಲಾಮನ್ನು ತನ್ನ ಬೆರಳಿನಿಂದಲೇ ಹಚ್ಚಿ ಹೋದಳು. ಅಪ್ಪನ ಮೇಲೆ ಅಷ್ಟು ಅಕ್ಕರೆ.

ಮಾರನೆಯ ದಿನ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ. ವೈದ್ಯರು ಸಿಕ್ಕದ ದಿನಗಳಲ್ಲಿ ವೈದ್ಯ ಹೇಳುವವರು ಹೇರಳವಾಗಿ ಸಿಕ್ಕುತ್ತಾರೆ. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ, “ಅಕ್ಕಿ” ಎಂದರು. ಮೇಷ್ಟರ ಪತ್ನಿ ಸಾಲ ಕೇಳಲು ಬಂದರೆಂದು ತಿಳಿದು ಒಳಗಿನಿಂದ ಒಂದು ಪಾವು ಅಕ್ಕಿಯನ್ನು ಮೊರದಲ್ಲಿ ತಂದರು. ಅಜ್ಜಿಗೆ ನಗು ತಡೆಯಲಿಲ್ಲ. ಕನ್ನಡದ ಸರ್ಪಸುತ್ತಿಗೆ ತಮಿಳಿನಲ್ಲಿ ಅಕ್ಕಿಯೆಂದು ಹೆಸರು. ಕುಂಬಾರರ ಕೈಯಿಂದ ಕಾವಿಮಣ್ಣಿನಲ್ಲಿ ಅದರ ಸುತ್ತ ಚಿತ್ರ ಬರೆಸುವುದು ತಮಿಳು ಸೀಮೆಯ ಹಳೆಯ ಚಿಕಿತ್ಸೆ. ದಂಡಿನ ಪ್ರದೇಶದಲ್ಲಿ ಪಾಟರಿ ಟೌನ್ ಎಂಬ ಕುಂಬಾರರ ಬೀದಿಯೇ ಇರುವಾಗ ಚಿಂತೆಯೇನು ಎಂಬುದು ಅಜ್ಜಿಯ ವಾದ. ಭಾನುವಾರ ಬಂದ ಭಾವಮೈದುನ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರದೆ ಯಾವ ಔಷಧವೂ ನಾಟುವುದಿಲ್ಲವೆಂದರು. ಹೋಗುವಾಗ ತಗ್ಗಿದ ದನಿಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದರು: “ತಲೆ ಬಾಲ ಕೂಡದ ಹಾಗೆ ನೋಡಿಕೊಳ್ಳಿ ಭಾವ.”

ಸುತ್ತು ಮೈಯನ್ನು ಬಳಸಿ ಹಾವಿನ ತಲೆ ಬಾಲವನ್ನು ಮುಟ್ಟಿದರೆ ಪ್ರಾಣಕ್ಕೆ ಅಪಾಯವೆಂಬ ನಂಬಿಕೆ ಕನ್ನಡ ನಾಡಿನಲ್ಲೆಲ್ಲ ಇದೆ. ಮೂವತ್ತೈದು ವರ್ಷ ಮಕ್ಕಳಿಗೆ ವೃತ್ತದ ಪರಿಧಿಯನ್ನು ಬೋಧಿಸಿದ ಮೇಷ್ಟರು ಇಂತಹ ಮಾತುಗಳನ್ನು ನಂಬುವವರಲ್ಲ. ಆದರೂ ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಪತ್ನಿಯ ಹೊಲಿಗೆಯ ಟೇಪನ್ನು ಹಿಡಿದು, ಮುಂಭಾಗದಲ್ಲಿ ಗುಳ್ಳೆಯ ತುದಿಗೂ ಎದೆಯ ನಡುಗೆರೆಗೂ ಎಷ್ಟು ಅಂತರವಿದೆಯೆಂದು ಅಳೆದರು. ಎರಡೂಕಾಲು ಅಂಗುಲ. ಬೆಳಗಿನ ಜಾವ ಮತ್ತೆ ಅಳೆದರು. ಎರಡು ಅಂಗುಲ. ಇದೇ ಪ್ರಮಾಣದಲ್ಲಿ ಸಾಗಿದರೆ ಉಳಿದ ದೂರಕ್ಕೆ ಎಷ್ಟು ಕಾಲ ಬೇಕೆಂಬುದು ಏಳನೆಯ ತರಗತಿಯ ಲೆಕ್ಕ.

ಸೋಮವಾರವೂ ಏನೋ ನೆಪದಲ್ಲಿ ಕಳೆಯಿತು. ಮಂಗಳವಾರ ಪತ್ನಿಯ ಒತ್ತಾಯಕ್ಕೆ ಇಂದಿರಾನಗರದ ವೈದ್ಯೆಯೊಬ್ಬರ ಬಳಿ ಹೋದರು. ಆಕೆ ಚಿಕ್ಕ ವಯಸ್ಸಿನವರು. ಬೆನ್ನನ್ನು ನೋಡುತ್ತಲೇ ಕೇಳಿದ ಮೊದಲನೆಯ ಪ್ರಶ್ನೆ ಮೇಷ್ಟರಿಗೆ ವಿಚಿತ್ರವೆನಿಸಿತು.

“ಸಾರ್, ಚಿಕ್ಕವರಿದ್ದಾಗ ನಿಮಗೆ ಅಮ್ಮ ಆಗಿತ್ತಾ?”

ಆಗಿತ್ತು. ೧೯೬೧ರಲ್ಲಿ, ಎಂಟನೆಯ ವಯಸ್ಸಿನಲ್ಲಿ. ಆ ಕಾಲಕ್ಕೆ ಸಿಡುಬು ಇನ್ನೂ ಊರಿನಿಂದ ತೊಲಗಿರಲಿಲ್ಲ. ಮಗುವಿನ ಮೈಮೇಲೆ ಒಂದು ಗುಳ್ಳೆ ಕಂಡರೂ ಹೆತ್ತವಳಿಗೆ ಹಳೆಯ ಮದರಾಸು ರಸ್ತೆಯ ಐಸೋಲೇಷನ್ ಆಸ್ಪತ್ರೆಯ ನೆನಪಾಗಿ ಎದೆ ನಡುಗುತ್ತಿದ್ದಿತು. ಗುಳ್ಳೆಗಳು ಮುಖ ಕೈಕಾಲುಗಳಿಗಿಂತ ಹೊಟ್ಟೆ ಬೆನ್ನುಗಳ ಮೇಲೆ ಹೆಚ್ಚಾಗಿ, ಒಂದೇ ಸಲ ಏಳದೆ ಕಂತುಕಂತಾಗಿ ಎದ್ದಾಗ, ಇದು ಸೀತಾಳೆ ಸಿಡುಬು, ಬರಿಯ ಚಿಕ್ಕಮ್ಮ ಎಂದು ಹಿರಿಯರು ಧೈರ್ಯ ಹೇಳಿದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ನಿಂತಿತು. ತಾಯಿ ತಲೆ ಬಾಚಿಕೊಳ್ಳಲಿಲ್ಲ. ಹುಡುಗ ಬೇವಿನೆಲೆಯ ಹಾಸಿಗೆಯ ಮೇಲೆ ಮಲಗಿ ತುರಿಕೆ ತಾಳಲಾರದೆ ಅತ್ತರೆ, ಬೇವಿನ ಕಡ್ಡಿಯಿಂದ ನೇವರಿಸುವರು. ಮೂರನೆಯ ನೀರಿನ ಸ್ನಾನವಾದ ದಿನ ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿ ಬಂದು ತಾಯಿ ನೆರೆಯವರ ಮುಂದೆ ಆಡಿದ ಮಾತು ಮೇಷ್ಟರಿಗೆ ಇನ್ನೂ ನೆನಪಿದೆ: “ತಣ್ಣಗೆ ಬಂದಳು, ತಣ್ಣಗೆ ಹೋದಳು.”

ಬಂದದ್ದು ನಿಜ. ಹೋಗಲಿಲ್ಲವೆಂಬುದನ್ನು ಅರವತ್ತಮೂರು ವರ್ಷಗಳ ತರುವಾಯ ಇಂದಿರಾನಗರದ ಆ ವೈದ್ಯೆ ತಿಳಿಸಿದರು.

ಸೀತಾಳೆ ಸಿಡುಬಿನ ವೈರಾಣು ಚರ್ಮದ ಮೇಲಿನ ಉತ್ಸವವನ್ನು ಮುಗಿಸಿ ಅಡಗುವಾಗ, ಅದರಲ್ಲೊಂದು ಪಾಲು ಸ್ಪರ್ಶದ ನರಗಳ ಎಳೆಯನ್ನು ಹಿಡಿದು ಒಳಕ್ಕೆ ನಡೆಯುತ್ತದೆ. ಬೆನ್ನುಹುರಿಯ ಇಕ್ಕೆಲಗಳಲ್ಲಿ, ಪ್ರತಿಯೊಂದು ನರದ ಬುಡದಲ್ಲಿಯೂ ಜೀವಕೋಶಗಳ ಚಿಕ್ಕದೊಂದು ಗಂಟಿದೆ. ಮುಖದ ನರಕ್ಕೂ ಅಂತಹ ಗಂಟು ತಲೆಬುರುಡೆಯೊಳಗಿದೆ. ಆ ಗಂಟುಗಳೇ ಅದರ ಬಿಡಾರ. ಅಲ್ಲಿ ಅದು ತಿನ್ನುವುದಿಲ್ಲ, ಹೆರುವುದಿಲ್ಲ, ಮನೆಯೊಡೆಯನಿಗೆ ಯಾವ ತಂಟೆಯನ್ನೂ ಮಾಡುವುದಿಲ್ಲ. ತನ್ನ ವಂಶದ ಬರಹವನ್ನು ಒಂದು ಬಳೆಯಂತೆ ಸುತ್ತಿ ನರಕೋಶದ ಬೀಜದೊಳಗಿಟ್ಟು, ಅದರ ಅಧ್ಯಾಯಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಮುಚ್ಚಿ ಸುಮ್ಮನಿರುತ್ತದೆ. ಮೈಯ ಕಾವಲುಗಾರರು ಶತ್ರುವನ್ನು ಗುರುತಿಸುವುದು ಅವನು ಮಾಡುವ ಸಾಮಗ್ರಿಗಳಿಂದ. ಏನನ್ನೂ ಮಾಡದವನನ್ನು ಯಾವ ಆಪಾದನೆಯ ಮೇಲೆ ಹಿಡಿಯುವುದು? ಗುಡಿಯ ಜಗಲಿಯ ಮೇಲೆ ಬೂದಿ ಬಳಿದುಕೊಂಡು ಕಣ್ಣುಮುಚ್ಚಿ ಕುಳಿತ ಸನ್ಯಾಸಿಯನ್ನು ಪೊಲೀಸಿನವರು ಮಾತನಾಡಿಸದೆ ಹೋಗುವಂತೆ ಅವರೂ ಹೋಗುತ್ತಾರೆ.

ಮುಪ್ಪಿನಲ್ಲಿ ಕಾವಲು ಸಡಿಲುತ್ತದೆ. ಸಕ್ಕರೆ ರೋಗ, ಕ್ಯಾನ್ಸರಿನ ಔಷಧ, ಎಚ್.ಐ.ವಿ. ಮುಂತಾದವು ಕಾವಲನ್ನು ಇನ್ನೂ ಬೇಗನೆ ಸಡಿಲಿಸುತ್ತವೆ. ಆಗ ಯಾವುದೋ ಒಂದು ಗಂಟಿನಲ್ಲಿ ಸನ್ಯಾಸಿ ಕಣ್ಣು ತೆರೆಯುತ್ತಾನೆ. ಬಂದ ದಾರಿಯಲ್ಲಿಯೇ, ಅದೇ ನರದ ಎಳೆಯನ್ನು ಹಿಡಿದು, ಚರ್ಮಕ್ಕೆ ಮರಳುತ್ತಾನೆ. ನರದುದ್ದಕ್ಕೂ ಉರಿ, ಗುಳ್ಳೆ ಏಳುವುದಕ್ಕೆ ಎರಡು ಮೂರು ದಿನ ಮೊದಲೇ ಆ ಉರಿ ಮೊದಲಾಗುವುದರಿಂದ ಹೃದಯವೆಂದೋ ಮೂತ್ರಕೋಶದ ಕಲ್ಲೆಂದೋ ಭ್ರಮೆಯಾಗುವುದುಂಟು. ಒಂದು ಗಂಟಿನ ನರ ಮೈಯ ಒಂದೇ ಮಗ್ಗುಲಿಗೆ, ಒಂದು ಪಟ್ಟಿಯಷ್ಟು ಜಾಗಕ್ಕೆ ಮಾತ್ರ ಹೋಗುತ್ತದೆ. ಆದಕಾರಣ ಸುತ್ತು ನಡುಗೆರೆಗೆ ಬಂದು ನಿಲ್ಲುತ್ತದೆ. ತಲೆ ಬಾಲ ಕೂಡುವ ಸಂಭವವಿಲ್ಲವೆಂದು ತಿಳಿದಾಗ ಮೇಷ್ಟರು ಜೇಬಿನಲ್ಲಿದ್ದ ಟೇಪನ್ನು ಇನ್ನಷ್ಟು ಒಳಕ್ಕೆ ತಳ್ಳಿದರು.

ಈ ಪಟ್ಟಿಗಳ ನಕ್ಷೆಯನ್ನು ತಿಳಿಯಲು ದಾರಿ ತೋರಿದ್ದು ಕೂಡ ಸರ್ಪಸುತ್ತೇ. ಲಂಡನ್ನಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬಿಬ್ಬರು ಈ ರೋಗವಿದ್ದು ಸತ್ತ ೨೧ ಜನರ ದೇಹಗಳನ್ನು ಪರೀಕ್ಷಿಸಿ, ಗುಳ್ಳೆಯ ಪಟ್ಟಿಗೂ ನರದ ಬುಡದ ಗಂಟಿನ ಉರಿಯೂತಕ್ಕೂ ಇರುವ ನಂಟನ್ನು ೧೯೦೦ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, ೧೮೯೨ರಲ್ಲಿ, ಬುಡಾಪೆಸ್ಟಿನ ಮಕ್ಕಳ ವೈದ್ಯ ಬೋಕಾಯ್ ಒಂದು ಸಂಗತಿಯನ್ನು ಗಮನಿಸಿದ್ದರು: ಮನೆಯಲ್ಲಿ ಹಿರಿಯರಿಗೆ ಸರ್ಪಸುತ್ತು ಬಂದ ಕೆಲವು ದಿನಗಳಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಏಳುತ್ತಿದ್ದಿತು. ಎರಡರ ವೈರಾಣುವೂ ಒಂದೇ ಎಂಬುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟವರು ಅಮೆರಿಕದ ಥಾಮಸ್ ವೆಲ್ಲರ್, ೧೯೫೦ರ ದಶಕದಲ್ಲಿ. ಭಾಷೆಯ ಮಟ್ಟಿಗೆ ಮಾತ್ರ ಇಂತಹ ಸಾಕ್ಷ್ಯ ಬೇಕಿರಲಿಲ್ಲ. ಗ್ರೀಕರು ಇಟ್ಟ ಹರ್ಪಿಸ್ ಎಂಬ ಹೆಸರು ತೆವಳುವುದೆಂಬ ಅರ್ಥದ ಧಾತುವಿನಿಂದ ಬಂದದ್ದು; ಸಂಸ್ಕೃತದ ಸರ್ಪವೂ ಅದೇ ಮೂಲದ್ದು. ಜೋಸ್ಟರ್ ಎಂದರೆ ನಡುಪಟ್ಟಿ. ಮೇಷ್ಟರ ಚೀಟಿಯಲ್ಲಿ ವೈದ್ಯೆ ಇಂಗ್ಲಿಷಿನಲ್ಲಿ ಬರೆದುದಕ್ಕೂ, ಬಚ್ಚಲಲ್ಲಿ ಪತ್ನಿಯ ಬಾಯಿಂದ ಬಂದ ಮಾತಿಗೂ ಒಂದಕ್ಷರದ ಅರ್ಥಭೇದವಿಲ್ಲ.

“ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ ಎದ್ದಿತು?” ಎಂದು ಮೇಷ್ಟರು ಕೇಳಿದ್ದು ನ್ಯಾಯವಾದ ಪ್ರಶ್ನೆ. ವಯಸ್ಸೆಂಬುದು ಅದರ ಅರ್ಧ ಉತ್ತರ. ಉಳಿದರ್ಧಕ್ಕೆ ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಪಟ್ಟಣದ ಸಾಮಾನ್ಯ ವೈದ್ಯ ಹೋಪ್-ಸಿಂಪ್ಸನ್ ಅವರ ಬಳಿಗೆ ಹೋಗಬೇಕು. ಅವರಿಗೆ ದೊಡ್ಡ ಆಸ್ಪತ್ರೆಯಿರಲಿಲ್ಲ. ಸುಮಾರು ಮೂರೂವರೆ ಸಾವಿರ ಜನ ರೋಗಿಗಳಿದ್ದರು, ತಾಳ್ಮೆಯಿದ್ದಿತು. ೧೯೪೭ರಿಂದ ೧೯೬೨ರವರೆಗೆ ೧೬ ವರ್ಷ ತಮ್ಮಲ್ಲಿಗೆ ಬಂದ ೧೯೨ ಸರ್ಪಸುತ್ತುಗಳ ಲೆಕ್ಕವನ್ನಿಟ್ಟು, ೧೯೬೫ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ವೈರಾಣು ಒಳಗೇ ಇರುತ್ತದೆ, ಆಗಾಗ ಹೊರಬರಲು ಯತ್ನಿಸುತ್ತದೆ, ಸೀತಾಳೆ ಸಿಡುಬಿನ ಮಕ್ಕಳ ಸಂಪರ್ಕಕ್ಕೆ ಬಂದಾಗಲೆಲ್ಲ ದೊಡ್ಡವರ ಕಾವಲಿಗೆ ಹಳೆಯ ಶತ್ರುವಿನ ಮುಖ ನೆನಪಾಗಿ ಅದು ಮತ್ತೆ ಚುರುಕಾಗುತ್ತದೆ. ಈ ಕೊನೆಯ ಮಾತನ್ನು ಮುಂದಿನ ಕೆಲವು ಅಧ್ಯಯನಗಳು ಪೂರ್ತಿಯಾಗಿ ಅಲ್ಲದಿದ್ದರೂ ಭಾಗಶಃ ಎತ್ತಿಹಿಡಿದಿವೆ.

ಮೇಷ್ಟರು ಕೃಷ್ಣರಾಜಪುರದ ಸರ್ಕಾರಿ ಶಾಲೆಯಿಂದ ನಿವೃತ್ತರಾದದ್ದು ೨೦೧೩ರಲ್ಲಿ. ಅಲ್ಲಿಯವರೆಗೆ ಯುಗಾದಿಯ ಆಸುಪಾಸಿನಲ್ಲಿ ಯಾವನೋ ಒಬ್ಬ ಹುಡುಗ ಹಕ್ಕಳೆ ಇನ್ನೂ ಉದುರದ ಮುಖ ಹೊತ್ತು ತರಗತಿಗೆ ಬಾರದ ವರ್ಷವೇ ಇರಲಿಲ್ಲ. “ಇನ್ನೆರಡು ದಿನ ಬಿಟ್ಟು ಬಾರೋ” ಎಂದು ಗದರಿಸಿ ಕಳುಹಿಸುತ್ತಿದ್ದರು. ಆ ಹುಡುಗರೇ ತಮ್ಮನ್ನು ಕಾಯುತ್ತಿದ್ದಿರಬಹುದೆಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ನಿವೃತ್ತಿಯ ನಷ್ಟಗಳಲ್ಲಿ ಪಿಂಚಣಿ ಇಲಾಖೆಯವರು ಇದನ್ನು ಸೇರಿಸುವುದಿಲ್ಲ.

ವೈದ್ಯೆ ಗುಳಿಗೆಗಳನ್ನು ಬರೆದರು. ಗುಳ್ಳೆ ಕಂಡ ೭೨ ಗಂಟೆಗಳೊಳಗೆ ಮೊದಲುಮಾಡಿದ್ದರೆ ಬಹಳ ಚೆನ್ನಾಗಿತ್ತೆಂದರು. ಅನಂತರ, ಬರೆಯುತ್ತಲೇ, ತಲೆಯೆತ್ತದೆ ಕೇಳಿದರು:

“ಮನೆಯಲ್ಲಿ ಚಿಕ್ಕ ಮಗು ಯಾರಾದರೂ ಇದ್ದಾರಾ? ಗರ್ಭಿಣಿಯರು?”

ಮೇಷ್ಟರ ಪತ್ನಿ ಗಂಡನ ಮುಖವನ್ನು ನೋಡಿದರು. ಮೇಷ್ಟರು ಗೋಡೆಯನ್ನು ನೋಡಿದರು.

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಅದರ ಗುಳ್ಳೆಯ ನೀರಿನಲ್ಲಿ ವೈರಾಣು ಇರುತ್ತದೆ. ಸೀತಾಳೆ ಸಿಡುಬು ಆಗದಿರುವವರು ಅದನ್ನು ಮುಟ್ಟಿದರೆ ಅವರಿಗೆ ಸೀತಾಳೆ ಸಿಡುಬು ಬರಬಹುದು. ಮಕ್ಕಳಿಗೆ ಅದು ಹತ್ತು ದಿನದ ತುರಿಕೆ. ತುಂಬಿದ ಬಸುರಿಗೆ ಶ್ವಾಸಕೋಶದವರೆಗೂ ಹೋಗಬಹುದು. ಹೆರಿಗೆಯ ಹೊತ್ತಿನಲ್ಲಿ ಬಂದರೆ ಹುಟ್ಟಿದ ಕೂಸಿನ ಪ್ರಾಣಕ್ಕೇ ಅಪಾಯ. ಉತ್ತರದ ತಂಪು ದೇಶಗಳಲ್ಲಿ ಬಹುತೇಕ ಎಲ್ಲರಿಗೂ ಇದು ಬಾಲ್ಯದಲ್ಲಿಯೇ ಆಗಿ ಮುಗಿಯುತ್ತಿದ್ದಿತು. ನಮ್ಮ ಸೆಕೆಯ ನಾಡುಗಳಲ್ಲಿ ದೊಡ್ಡವರಾದರೂ ಆಗದೆ ಉಳಿದವರು ಹೆಚ್ಚು. ಮಗಳಿಗೆ ಆಗಿತ್ತೆ? ಇಷ್ಟೇ ಪ್ರಶ್ನೆ. ಆಗಿದ್ದರೆ ಭಯವಿಲ್ಲ.

ತಾಯಂದಿರು ಎಲ್ಲವನ್ನೂ ನೆನಪಿಟ್ಟಿರುತ್ತಾರೆಂಬುದು ಕಥೆಗಾರರ ನಂಬಿಕೆ. ೨೦೦೦ದ ಬೇಸಿಗೆಯಲ್ಲಿ ಮನೆಗೆ ಅಮ್ಮ ಬಂದದ್ದು ಆಕೆಗೆ ನೆನಪಿತ್ತು. ಬಾಗಿಲಿಗೆ ಬೇವು ಕಟ್ಟಿದ್ದು, ಒಗ್ಗರಣೆ ಬಿಟ್ಟದ್ದು ಎಲ್ಲ ನೆನಪಿತ್ತು. ಹಾಸಿಗೆ ಹಿಡಿದವನು ಮಗ. ಆರು ವರ್ಷದ ಮಗಳನ್ನು ಚಿಕ್ಕಮ್ಮನ ಮನೆಗೆ ಕಳುಹಿಸಿದ್ದರು. ಅಲ್ಲಿ ಅವಳಿಗೂ ನಾಲ್ಕು ಗುಳ್ಳೆ ಎದ್ದಿತ್ತೆಂದು ಚಿಕ್ಕಮ್ಮ ಹೇಳಿದಂತೆ ನೆನಪು. ಅವು ಬೆವರುಸಾಲೆಯೆಂದು ಹೇಳಿದಂತೆಯೂ ನೆನಪು. ಕೇಳೋಣವೆಂದರೆ ಚಿಕ್ಕಮ್ಮ ತೀರಿಕೊಂಡು ಆರು ವರ್ಷ.

ಫೋನು ಮಾಡಬೇಕಾಯಿತು. ಮೇಷ್ಟರು ಎರಡು ಸಲ ಎತ್ತಿಕೊಂಡು ಇಟ್ಟರು. ಮೂರನೆಯ ಸಲ ಮಾತನಾಡಿದರು.

“ಮಗೂ, ಅವತ್ತು ನಾನು ನಿನಗೆ ಸುಳ್ಳು ಹೇಳಿದೆ ಕಣಮ್ಮ. ಅದು ಸುಟ್ಟ ಗಾಯ ಅಲ್ಲ.”

ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, “ಹೇಳಿದ್ದರೆ ನಾನೇನು ಹೆದರಿ ಓಡುತ್ತಿದ್ದೆನೇ ಅಪ್ಪಾ?” ಎಂದಳು. ಹೆದರಿಸಬಾರದೆಂದು ಹೇಳಿದ ಸುಳ್ಳು ಹೆದರಿಕೆಯನ್ನು ನಾಲ್ಕು ದಿನ ಮುಂದೂಡಿ ಬಡ್ಡಿ ಸಮೇತ ತಂದಿತ್ತಿತು. ಅಂದೇ ಅವಳ ಗಂಡ ರಕ್ತಪರೀಕ್ಷೆ ಮಾಡಿಸಿದನು. ಒಮ್ಮೆ ಆ ರೋಗವಾದವರ ರಕ್ತದಲ್ಲಿ ಅದನ್ನು ಎದುರಿಸಿದ ಗುರುತು ಉಳಿದಿರುತ್ತದೆ; ಇಲ್ಲದಿದ್ದರೆ ಸೋಂಕು ತಗುಲಿದ ಹತ್ತು ದಿನಗಳೊಳಗೆ ರಕ್ಷಣೆಯ ಚುಚ್ಚುಮದ್ದು ಕೊಡಿಸಬೇಕು. ಫಲಿತಾಂಶ ಮರುದಿನ ಸಂಜೆಗೆ. ಆ ರಾತ್ರಿ ಹಲಸೂರಿನ ಮನೆಯಲ್ಲಿ ಯಾರೂ ಊಟದ ಮಾತೆತ್ತಲಿಲ್ಲ. ಮೇಷ್ಟರಿಗೆ ಬೆನ್ನಿನ ಉರಿ ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿರಬೇಕು. ಶಿಕ್ಷೆ ಎಂದುಕೊಳ್ಳಲು ಏನಾದರೊಂದು ಬೇಕಷ್ಟೆ.

ಗುರುತು ಇದ್ದಿತು. ಚಿಕ್ಕಮ್ಮನ ಮನೆಯ ನಾಲ್ಕು ಗುಳ್ಳೆ ಬೆವರುಸಾಲೆಯಾಗಿರಲಿಲ್ಲ. ಫೋನಿನಲ್ಲಿ ಆ ಸುದ್ದಿ ಕೇಳಿದೊಡನೆ ಮೇಷ್ಟರ ಪತ್ನಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಮಗಳಿಗೂ ಅಮ್ಮ ಬಂದಿದ್ದಳೆಂದರೆ ಅವಳ ಬೆನ್ನುಹುರಿಯ ಬದಿಯಲ್ಲಿಯೂ ಅದೇ ಅತಿಥಿ ಕುಳಿತಿದ್ದಾಳೆಂದೇ ಅರ್ಥ. ಆ ಸಂಜೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದೇ ಅವರಿಗೆ ಶುಭವಾರ್ತೆಯಾಗಿದ್ದಿತು.

ದೊಡ್ಡ ಸಿಡುಬಿಗೆ ಈ ವಿದ್ಯೆ ತಿಳಿದಿರಲಿಲ್ಲ. ಅದು ಬರುತ್ತಿತ್ತು, ಕೊಲ್ಲುತ್ತಿತ್ತು ಅಥವಾ ಮುಖದ ತುಂಬ ಕಲೆ ಬಿಟ್ಟು ಹೋಗುತ್ತಿತ್ತು; ಯಾರ ಮೈಯಲ್ಲಿಯೂ ಅಡಗಿ ಉಳಿಯುತ್ತಿರಲಿಲ್ಲ. ಆದುದರಿಂದಲೇ ಅದನ್ನು ಊರೂರಿನಿಂದ ಅಟ್ಟಿ, ೧೯೭೫ರಲ್ಲಿ ಭಾರತದಿಂದಲೂ, ಕೆಲವೇ ವರ್ಷಗಳಲ್ಲಿ ಲೋಕದಿಂದಲೂ ಇಲ್ಲವಾಗಿಸಲು ಸಾಧ್ಯವಾಯಿತು. ೧೯೮೦ರಲ್ಲಿ ಅದರ ನಿರ್ಮೂಲನವನ್ನು ಘೋಷಿಸಿದರು. ದಡಾರಕ್ಕೆ ಬದುಕಲು ಕೆಲವು ಲಕ್ಷ ಜನರಿರುವ ನಗರವೇ ಬೇಕು, ಇಲ್ಲವಾದರೆ ಹೊಸ ಮಕ್ಕಳು ಸಿಗದೆ ತಾನಾಗಿ ಆರಿಹೋಗುತ್ತದೆ. ಚಿಕ್ಕಮ್ಮನಿಗೆ ಒಂದು ಕುಗ್ರಾಮ ಸಾಕು. ಅಲ್ಲಿನ ಮಕ್ಕಳಿಗೆಲ್ಲ ಆಗಿ ಮುಗಿದರೂ ಅಜ್ಜಂದಿರ ನರದ ಗಂಟಿನಲ್ಲಿ ಅರವತ್ತು ವರ್ಷ ಕಾದಿದ್ದು, ಮೊಮ್ಮಕ್ಕಳು ಹುಟ್ಟಿದ ಮೇಲೆ ಎದ್ದು ಬರುತ್ತಾಳೆ. ಹೊರಗಿನ ಉಗ್ರರೂಪವನ್ನು ಕಂಡು ಜನರು ಹೆದರಿದ್ದು ದೊಡ್ಡವಳಿಗೆ, ಬುದ್ಧಿವಂತಿಕೆ ಚಿಕ್ಕವಳದು.

ಮೇಷ್ಟರ ಗುಳ್ಳೆಗಳು ಯುಗಾದಿಯ ಹೊತ್ತಿಗೆ ಹಕ್ಕಳೆ ಕಟ್ಟಿ ಉದುರಿದವು. ನೋವು ಉದುರಲಿಲ್ಲ. ಹತ್ತು ಹಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಕೆಟ್ಟುಹೋದ ನರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಳ್ಳು ವರದಿಗಳನ್ನು ಕಳುಹಿಸುತ್ತಿರುತ್ತದೆ. ಇದಕ್ಕೆ ಬೇರೆ ಗುಳಿಗೆಗಳಿವೆ. ತಲೆ ತೂಗುತ್ತದೆ, ಉರಿ ಅರ್ಧಕ್ಕಿಳಿಯುತ್ತದೆ. ಅಂಗಿಯ ಬಟ್ಟೆ ಸೋಕಿದರೆ ಚುರ್ರೆನ್ನುವುದರಿಂದ ಅವರು ಹಲಸೂರು ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಯ ಹೊತ್ತು ಎಡಗೈಯ ಎರಡು ಬೆರಳುಗಳಿಂದ ಅಂಗಿಯನ್ನು ಮೈಯಿಂದ ಎತ್ತಿ ಹಿಡಿದೇ ನಡೆಯುವುದು ಪರಿಚಿತರಿಗೆಲ್ಲ ರೂಢಿಯಾಯಿತು. ಜೂನಿನಲ್ಲಿ ಮಗಳು ಗಂಡುಮಗುವನ್ನು ಹೆತ್ತಳು. ಬಾಣಂತನ ತವರಿನಲ್ಲಿಯೇ ನಡೆಯಿತು. ಮೇಷ್ಟರು ಮಗುವನ್ನು ಬಲಭುಜದ ಮೇಲೆಯೇ ಹಾಕಿಕೊಳ್ಳುತ್ತಿದ್ದರು. ಕಾರಣ ಕೇಳಿದರೆ ಎಡಗಡೆಗೆ ಅಭ್ಯಾಸವಿಲ್ಲವೆನ್ನುತ್ತಿದ್ದರು. ಮನುಷ್ಯನ ಸ್ವಭಾವ ಒಂದು ಪಾಠಕ್ಕೆ ತಿದ್ದುವುದಿಲ್ಲ.

ಐವತ್ತು ದಾಟಿದವರಿಗೆ ಈ ಸುತ್ತನ್ನು ತಡೆಯುವ ಲಸಿಕೆ ೨೦೨೩ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಎರಡು ಚುಚ್ಚುಮದ್ದು, ನಡುವೆ ಎರಡರಿಂದ ಆರು ತಿಂಗಳ ಅಂತರ. ಪರೀಕ್ಷೆಗಳಲ್ಲಿ ಅದು ನೂರಕ್ಕೆ ತೊಂಬತ್ತರಷ್ಟು ಅಥವಾ ಅದಕ್ಕೂ ಮೇಲೆ ಫಲ ಕೊಟ್ಟಿದೆ. ಬೆಲೆಯೂ ಪಿಂಚಣಿದಾರನ ಕೈ ನಡುಗಿಸುವಷ್ಟಿದೆ. ಮೇಷ್ಟರು ಕಾಗದದ ಮೇಲೆ ಲೆಕ್ಕ ಹಾಕಿದರು. ತಮಗಲ್ಲ, ಪತ್ನಿಗೆ. ಆಕೆ ಮೊದಲು ಒಪ್ಪಲಿಲ್ಲ. “ಆ ದುಡ್ಡಿಗೆ ಮಗುವಿಗೊಂದು ಸರ ಬರುತ್ತದೆ” ಎಂದರು. ಮೇಷ್ಟರು ವಾದ ಮಾಡದೆ ಅಂಗಿಯನ್ನು ಎತ್ತಿ ಹಿಡಿದ ತಮ್ಮ ಎರಡು ಬೆರಳುಗಳನ್ನು ತೋರಿಸಿದರು.

ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಆ ವರ್ಷದ ಕೊನೆಯ ತಿಂಗಳಲ್ಲಿ ಕೆಂಪು ಶಾಯಿಯ ಎರಡು ಸುತ್ತುಗಳಿದ್ದವು. ಒಂದು, ಎರಡನೆಯ ಚುಚ್ಚುಮದ್ದಿನ ದಿನ. ಇನ್ನೊಂದು, ಘಾಟಿಗೆ ಹರಕೆ ಒಪ್ಪಿಸಲು ಹೋಗಬೇಕಾದ ದಿನ. ಎರಡನ್ನೂ ಹಾಕಿದ್ದು ಮೇಷ್ಟರ ಪತ್ನಿ. ಎರಡಕ್ಕೂ ಮೇಷ್ಟರು ಜೊತೆಗೆ ಹೋಗಿಬಂದರು.